ಹೃದಯಕ್ಕೆ ರಕ್ತ ಎಲ್ಲಿಂದ? – ರೇಮೋಂ ವ್ಯೂಸಾನ್ಸ್‌ನ ಬದುಕು

ಬೋಧನಾಭ್ಯಾಸದ ಎರಡನೆಯ ವಾರ ಹತ್ತನೆಯ ತರಗತಿಗೆ ಮನುಷ್ಯನ ಹೃದಯದ ಪಾಠ ಮಾಡುವ ಸರದಿ ನನ್ನದಾಗಿತ್ತು. ಪಾಠಯೋಜನೆಯನ್ನು ಚೆನ್ನಾಗಿಯೇ ಬರೆದಿದ್ದೆ. ನಾಲ್ಕು ಕೋಣೆಗಳ ಚಾರ್ಟು, ಕೆಂಪು ಮತ್ತು ನೀಲಿ ಬಾಣಗಳು, ಕೊನೆಗೆ ಐದು ಮೌಲ್ಯಮಾಪನ ಪ್ರಶ್ನೆಗಳು. ಮೂವತ್ತು ನಿಮಿಷ ಎಲ್ಲವೂ ಯೋಜನೆಯಂತೆ ನಡೆಯಿತು. ಪುನರಾವರ್ತನೆಯ ಹಂತಕ್ಕೆ ಬಂದಾಗ ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಹೃದಯವು ಎಲ್ಲ ಅಂಗಗಳಿಗೂ ರಕ್ತ ಕಳಿಸುತ್ತದೆ, ಆದರೆ ಹೃದಯಕ್ಕೆ ರಕ್ತ ಕೊಡುವವರು ಯಾರು ಎಂದು ಕೇಳಿದಳು. ಹೃದಯದ ಒಳಗೇ ರಕ್ತ ತುಂಬಿರುತ್ತದೆ, ಅದರಿಂದಲೇ ಅದು ತನಗೆ ಬೇಕಾದುದನ್ನು ತೆಗೆದುಕೊಳ್ಳುತ್ತದೆ ಎಂದು ನಾನು ತಟ್ಟನೆ ಹೇಳಿಬಿಟ್ಟೆ. ಅವಳು ಕುಳಿತುಕೊಂಡಳು. ಗಂಟೆ ಹೊಡೆಯಿತು.

ಹಿಂದಿನ ಸಾಲಿನಲ್ಲಿ ಕುಳಿತು ಪಾಠ ವೀಕ್ಷಿಸುತ್ತಿದ್ದ ನಮ್ಮ ಮೇಡಂ, ಪೀಠಿಕೆ ಚೆನ್ನಾಗಿತ್ತು, ಕಪ್ಪುಹಲಗೆಯ ಚಿತ್ರ ಸ್ಪಷ್ಟವಾಗಿತ್ತು ಎಂದು ಬರೆದು, ಕೆಳಗೆ ಒಂದು ಪ್ರಶ್ನೆ ಹಾಕಿದ್ದರು. ಆ ಹುಡುಗಿಗೆ ಹೇಳಿದ್ದನ್ನು ನಾನು ಎಲ್ಲಿ ನೋಡಿದೆ ಎಂಬುದು ಅವರ ಪ್ರಶ್ನೆ. ನಾನು ಎಲ್ಲಿಯೂ ನೋಡಿರಲಿಲ್ಲ. ಪದವಿಯಲ್ಲಿ ಕರೊನರಿ ಅಪಧಮನಿಗಳ ಹೆಸರನ್ನು ಪರೀಕ್ಷೆಗಾಗಿ ಓದಿದ್ದೆನೇ ಹೊರತು, ಆ ಹೊತ್ತಿನಲ್ಲಿ ಅದು ನೆನಪಿಗೆ ಬರಲಿಲ್ಲ. ಊಹೆಯನ್ನು ಉತ್ತರದ ಧಾಟಿಯಲ್ಲಿ ಹೇಳಿದ್ದೆ.

ಆ ತಪ್ಪನ್ನು ತಿದ್ದಿಕೊಳ್ಳಲು ಗ್ರಂಥಾಲಯದಲ್ಲಿ ಕುಳಿತಾಗ ನನಗೆ ಪರಿಚಯವಾದವನು ಫ್ರಾನ್ಸ್‌ನ ರೇಮೋಂ ವ್ಯೂಸಾನ್ಸ್. ಮುನ್ನೂರು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಹಿಡಿದು ಹೃದಯವನ್ನು ಬಿಚ್ಚಿ ನೋಡಿದವನು. ಕಣ್ಣಾರೆ ಕಂಡದ್ದನ್ನು ಹೇಳಿದಾಗ ಅವನು ಎಷ್ಟು ದೊಡ್ಡವನಾಗಿದ್ದನೋ, ಕಾಣದ್ದನ್ನು ಊಹಿಸಿ ವಾದಿಸಿದಾಗ ಅಷ್ಟೇ ಎಡವಿದನು. ಶಿಕ್ಷಕರಾಗಲು ಹೊರಟಿರುವ ನಮಗೆ ಅವನ ಬದುಕಿನ ಈ ಎರಡು ಮುಖಗಳೂ ಬೇಕು ಎನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಆಸ್ಪತ್ರೆಯೇ ಪಾಠಶಾಲೆ

ವ್ಯೂಸಾನ್ಸ್ ಹುಟ್ಟಿದ್ದು 17ನೆಯ ಶತಮಾನದ ಮೊದಲರ್ಧದಲ್ಲಿ, ದಕ್ಷಿಣ ಫ್ರಾನ್ಸ್‌ನಲ್ಲಿ. ಅವನು ಬೆಳೆದ ಕಾಲ ಹೃದಯದ ಬಗ್ಗೆ ದೊಡ್ಡ ಜಗಳ ನಡೆಯುತ್ತಿದ್ದ ಕಾಲ. 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ, ರಕ್ತವು ಹೃದಯದಿಂದ ಹೊರಟು ಮತ್ತೆ ಹೃದಯಕ್ಕೇ ಬಂದು ಸೇರುತ್ತದೆ ಎಂದು ತೋರಿಸಿದ್ದನು. ಪ್ಯಾರಿಸ್‌ನ ಹೆಸರಾಂತ ಅಂಗರಚನಾಕಾರ ಜಾಂ ರಿಯೊಲಾನ್ ಅದನ್ನು ಬಲವಾಗಿ ವಿರೋಧಿಸಿದನು. ಸಾವಿರದ ನಾನೂರು ವರ್ಷಗಳಿಂದ ನಡೆದುಬಂದ ಗ್ಯಾಲೆನ್ನನ ಮಾತನ್ನು ಬಿಟ್ಟುಕೊಡಲು ಫ್ರಾನ್ಸ್‌ನ ಎಷ್ಟೋ ಪಂಡಿತರಿಗೆ ಮನಸ್ಸಿರಲಿಲ್ಲ. ಕೊನೆಗೆ 1670ರ ದಶಕದ ಆರಂಭದಲ್ಲಿ ದೊರೆ ಹದಿನಾಲ್ಕನೆಯ ಲೂಯಿಯೇ ಪ್ಯಾರಿಸ್‌ನ ರಾಜೋದ್ಯಾನದಲ್ಲಿ ರಕ್ತಪರಿಚಲನೆಯನ್ನು ಬೋಧಿಸುವ ವ್ಯವಸ್ಥೆ ಮಾಡಬೇಕಾಯಿತು.

ಅದೇ ಹೊತ್ತಿಗೆ ವ್ಯೂಸಾನ್ಸ್ ಮೊಂಪೆಲಿಯೆ ನಗರದಲ್ಲಿ ವೈದ್ಯನಾಗಿದ್ದನು. ಮೊಂಪೆಲಿಯೆ ಯೂರೋಪಿನ ಅತಿ ಹಳೆಯ ವೈದ್ಯವಿದ್ಯಾಲಯಗಳಲ್ಲಿ ಒಂದಿರುವ ಊರು. 1670ರಲ್ಲಿ ಅಲ್ಲಿ ಪದವಿ ಪಡೆದ ಅವನು ಮರುವರ್ಷವೇ ಸೇಂತ್ ಎಲ್ವಾ ಆಸ್ಪತ್ರೆಯ ವೈದ್ಯನಾದನು. ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನ ಪೀಠ ಅವನಿಗೆ ಎಂದೂ ಸಿಗಲಿಲ್ಲ. ಆದರೆ ಪೀಠದಲ್ಲಿ ಕುಳಿತವರಿಗೆ ಇಲ್ಲದ ಒಂದು ಅನುಕೂಲ ಆಸ್ಪತ್ರೆಯ ವೈದ್ಯನಿಗೆ ಇತ್ತು. ರೋಗಿ ಬದುಕಿದ್ದಾಗ ಅವನ ನಾಡಿ ಹಿಡಿದು, ಉಸಿರು ನೋಡಿ, ಕಾಲಿನ ಬಾವು ಮುಟ್ಟಿ ಗುರುತು ಹಾಕಿಕೊಳ್ಳಬಹುದಿತ್ತು. ಅದೇ ರೋಗಿ ತೀರಿಕೊಂಡರೆ ದೇಹವನ್ನು ತೆರೆದು ಒಳಗೆ ಏನಾಗಿತ್ತೆಂದು ನೋಡಬಹುದಿತ್ತು. ವ್ಯೂಸಾನ್ಸ್‌ನ ಎಲ್ಲ ಒಳ್ಳೆಯ ಕೆಲಸವೂ ಈ ಎರಡು ನೋಟಗಳನ್ನು ಒಂದಕ್ಕೊಂದು ಹೊಂದಿಸಿದ್ದರಿಂದ ಬಂದದ್ದು.

ಮೊದಲು ಅವನು ಕೈಹಾಕಿದ್ದು ಮಿದುಳು ಮತ್ತು ನರಗಳಿಗೆ. ಸುಮಾರು 500 ದೇಹಗಳನ್ನು ಛೇದಿಸಿ ನೋಡಿದ ಮೇಲೆ, 1684ರಲ್ಲಿ ಇಡೀ ನರಮಂಡಲವನ್ನು ವಿವರಿಸುವ ದೊಡ್ಡ ಗ್ರಂಥವನ್ನು ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದನು. ಮಿದುಳು ಮೆತ್ತಗಿನ ಅಂಗ, ಕತ್ತಿ ತಾಗಿದರೆ ಆಕಾರ ಕೆಡುತ್ತದೆ. ಅದನ್ನು ಎಣ್ಣೆಯಲ್ಲಿ ಬೇಯಿಸಿ ಗಟ್ಟಿಮಾಡಿಕೊಂಡು ಒಳಗಿನ ಬಿಳಿಯ ಎಳೆಗಳನ್ನು ಬಿಡಿಸಿ ನೋಡುವ ವಿಧಾನವನ್ನು ಅವನು ಬಳಸಿದನು. ಸರಿಯಾದ ಉಪಕರಣ ಇಲ್ಲದಿದ್ದಾಗ ಅಡುಗೆಮನೆಯ ಉಪಾಯವೂ ಪ್ರಯೋಗಶಾಲೆಗೆ ಬರುತ್ತದೆ. ಸ್ವತಃ ತಯಾರಿಸಿದ ಬೋಧನೋಪಕರಣಕ್ಕೆ ಅಂಕ ಕೊಡುವ ನಮ್ಮ ವ್ಯವಸ್ಥೆ ಅವನಿಗೆ ಹಿಡಿಸುತ್ತಿತ್ತೇನೋ.

ಈ ಗ್ರಂಥ ಅವನನ್ನು ಯೂರೋಪಿಗೆಲ್ಲ ಪರಿಚಯಿಸಿತು. ದೊರೆಯ ಸೋದರಸಂಬಂಧಿಯಾದ ಮೊಂಪಾಂಸಿಯೆಯ ಡಚೆಸ್ ಅವನನ್ನು ತನ್ನ ವೈದ್ಯನನ್ನಾಗಿ ಕರೆಸಿಕೊಂಡಳು. 1693ರಲ್ಲಿ ಆಕೆ ತೀರಿಕೊಂಡ ಮೇಲೆ ಅವನು ಮೊಂಪೆಲಿಯೆಗೆ, ತನ್ನ ಹಳೆಯ ಕೆಲಸಕ್ಕೆ ಹಿಂತಿರುಗಿದನು. ಹೃದಯದ ಮೇಲಿನ ಅವನ ಮುಖ್ಯ ಗ್ರಂಥಗಳೆಲ್ಲ ಹೊರಬಂದದ್ದು ಆ ನಂತರವೇ.

ಎಡವಿದ ಜಾಗ

ಹೃದಯದ ಕಥೆಗೆ ಹೋಗುವ ಮೊದಲು ಅವನ ದೊಡ್ಡ ತಪ್ಪೊಂದನ್ನು ಹೇಳಬೇಕು. ಆ ಕಾಲದ ಅನೇಕ ವೈದ್ಯರಂತೆ ಅವನೂ ದೇಹದ ಕೆಲಸವೆಲ್ಲ ಹುದುಗು, ಆಮ್ಲ, ಲವಣಗಳ ಆಟ ಎಂದು ನಂಬಿದ್ದನು. ರಕ್ತದಲ್ಲಿ ಆಮ್ಲೀಯ ಲವಣ ಇದೆ ಎಂದು ತೋರಿಸಲು ರಕ್ತವನ್ನು ಕಾಯಿಸಿ ಭಟ್ಟಿ ಇಳಿಸಿದನು. ಹುಳಿಯಾದ ದ್ರವ ದೊರೆಯಿತು. ಅದು ಮೊದಲಿನಿಂದಲೂ ರಕ್ತದಲ್ಲೇ ಇತ್ತು ಎಂದು ತೀರ್ಮಾನಿಸಿದನು. ಅಷ್ಟು ಕಾಯಿಸಿದ ಮೇಲೆ ಉಳಿದದ್ದು ರಕ್ತವಲ್ಲ, ಬೇರೆಯೇ ವಸ್ತು ಎಂಬುದು ಅವನಿಗೆ ಹೊಳೆಯಲಿಲ್ಲ. ನಮ್ಮ ರಕ್ತದ ಪಿಹೆಚ್ 7.35ರಿಂದ 7.45ರ ನಡುವೆ, ಅಂದರೆ ಅದು ತುಸು ಕ್ಷಾರೀಯ ಎಂದು ಇಂದು ಪ್ರೌಢಶಾಲೆಯ ಮಕ್ಕಳಿಗೂ ಹೇಳಬಹುದು.

ಇನ್ನೂ ವಿಚಿತ್ರವೆಂದರೆ ಅದರ ಮೇಲೆ ನಡೆದ ಜಗಳ. 1698ರ ಸುಮಾರಿಗೆ ಮೊಂಪೆಲಿಯೆಯ ಪ್ರಾಧ್ಯಾಪಕ ಪಿಯೆರ್ ಶಿರಾಕ್‌ನಿಗೂ ವ್ಯೂಸಾನ್ಸ್‌ನಿಗೂ ಈ ವಿಷಯದಲ್ಲಿ ಕಹಿಯಾದ ವಾದ ನಡೆಯಿತು. ಆಮ್ಲ ಇದೆಯೋ ಇಲ್ಲವೋ ಎಂಬುದಕ್ಕಿಂತ, ಅದನ್ನು ಮೊದಲು ಕಂಡುಹಿಡಿದವರು ಯಾರು ಎಂಬುದೇ ಆ ವಾದದಲ್ಲಿ ಮುಖ್ಯವಾಗಿತ್ತು. ಇಬ್ಬರು ಜಾಣರು ಇಲ್ಲದ ಒಂದು ವಸ್ತುವಿನ ಒಡೆತನಕ್ಕಾಗಿ ಕಾದಾಡಿದರು. ಇದನ್ನು ಓದುವಾಗ ನಗು ಬಂತು. ಮರುಕ್ಷಣವೇ ಎರಡನೆಯ ಬೆಂಚಿನ ಹುಡುಗಿಗೆ ನಾನು ಕೊಟ್ಟ ಉತ್ತರ ನೆನಪಾಗಿ ನಗು ನಿಂತಿತು.

ಹೃದಯದ ಸ್ವಂತ ನಾಳಗಳು

ಹೃದಯದ ಹೊರಮೈ ಮೇಲೆ ಹರಿದಾಡುವ ರಕ್ತನಾಳಗಳು ವ್ಯೂಸಾನ್ಸ್‌ಗಿಂತ ಮೊದಲೇ ಗೊತ್ತಿದ್ದವು. ಅವು ಹೃದಯದ ಬುಡವನ್ನು ಕಿರೀಟದಂತೆ ಸುತ್ತುವುದರಿಂದಲೇ ಅವಕ್ಕೆ ಕರೊನರಿ ಎಂಬ ಹೆಸರು. ಆದರೆ ಅವು ಮಾಂಸದ ಒಳಗೆ ಹೋಗಿ ಏನಾಗುತ್ತವೆ, ಎಲ್ಲಿ ಕೊನೆಗೊಳ್ಳುತ್ತವೆ ಎಂಬುದು ಗೊತ್ತಿರಲಿಲ್ಲ. ಕಣ್ಣಿಗೆ ಕಾಣದ ದಾರಿಯನ್ನು ಕಾಣಿಸಲು ಅವನು ಆರಿಸಿಕೊಂಡ ವಿಧಾನ ಸರಳ. ಹೃದಯಕ್ಕೆ ಬರುವ ದೊಡ್ಡ ಅಭಿಧಮನಿಗಳನ್ನು ಕಟ್ಟಿ, ಕರೊನರಿ ಅಪಧಮನಿಯೊಳಗೆ ಬಣ್ಣದ ದ್ರವವನ್ನು ತಳ್ಳಿದನು. ಬಣ್ಣ ಹೋದ ಕಡೆಗೆಲ್ಲ ರಕ್ತವೂ ಹೋಗುತ್ತದೆ ಎಂಬುದು ಇದರ ಹಿಂದಿನ ತರ್ಕ.

ಬಣ್ಣ ಹೃದಯದ ಮಾಂಸದಲ್ಲೆಲ್ಲ ಹರಡಿತು. ಅಭಿಧಮನಿಗಳ ಕಡೆಗೂ ಹೋಯಿತು. ಅವನು ಎದುರುನೋಡದ ಇನ್ನೊಂದು ಸಂಗತಿಯೂ ನಡೆಯಿತು. ಸ್ವಲ್ಪ ಬಣ್ಣ ಗೋಡೆಯ ಸಣ್ಣ ಸಣ್ಣ ರಂಧ್ರಗಳಿಂದ ನೇರವಾಗಿ ಹೃದಯದ ಕೋಣೆಗಳೊಳಗೆ ಜಿನುಗಿತು. ಇದನ್ನು ಅವನು 1706ರಲ್ಲಿ ತುಲೂಸ್ ನಗರದಲ್ಲಿ ಪ್ರಕಟವಾದ ಪುಸ್ತಕದಲ್ಲಿ ಬರೆದನು. ಎರಡು ವರ್ಷಗಳ ನಂತರ, 1708ರಲ್ಲಿ, ಜರ್ಮನಿಯ ತೆಬೇಸಿಯಸ್ ಎಂಬ ತರುಣ ವೈದ್ಯನು ಅಂಥದೇ ಕಿರುನಾಳಗಳನ್ನು ವಿವರಿಸಿದನು. ಇಂದು ಅವಕ್ಕೆ ತೆಬೇಸಿಯಸ್‌ನ ಹೆಸರೇ ನಿಂತಿದೆ.

ವ್ಯೂಸಾನ್ಸ್‌ನ ಹೆಸರು ಹೃದಯದ ಬೇರೆ ಜಾಗಗಳಲ್ಲಿ ಉಳಿದಿದೆ. ಹೃದಯದ ದೊಡ್ಡ ಅಭಿಧಮನಿಯಲ್ಲಿ ಒಂದು ಪುಟ್ಟ ಕವಾಟವಿದೆ, ಅದು ವ್ಯೂಸಾನ್ಸ್ ಕವಾಟ. ಬಲ ಕರೊನರಿಯ ಒಂದು ಕವಲು ಎಡ ಕರೊನರಿಯ ಕವಲೊಂದನ್ನು ಹೋಗಿ ಕೂಡುವುದುಂಟು, ಅದು ವ್ಯೂಸಾನ್ಸ್ ಉಂಗುರ. ಒಂದು ಕಡೆಯ ಅಪಧಮನಿ ಕಟ್ಟಿಕೊಂಡಾಗ ಈ ಉಂಗುರ ಕೆಲವರಲ್ಲಿ ಬಳಸುದಾರಿಯಾಗಿ ರಕ್ತ ಒಯ್ಯುತ್ತದೆ. ಆದ್ದರಿಂದ ಇಂದಿನ ಹೃದ್ರೋಗ ತಜ್ಞರೂ ಈ ಹೆಸರನ್ನು ಬಳಸುತ್ತಾರೆ.

ನಾಡಿಯಿಂದ ಕವಾಟದವರೆಗೆ

ಹೃದಯದ ರಚನೆ ಮತ್ತು ಚಲನೆಯನ್ನು ಕುರಿತ ಅವನ ದೊಡ್ಡ ಗ್ರಂಥ ಹೊರಬಂದದ್ದು 1715ರಲ್ಲಿ. ಅದರಲ್ಲಿ ನನ್ನನ್ನು ಹೆಚ್ಚು ಹಿಡಿದದ್ದು ಇಬ್ಬರು ರೋಗಿಗಳ ವೃತ್ತಾಂತ.

ಮೊದಲನೆಯವನಿಗೆ ಉಸಿರಾಟ ಬಹಳ ಕಷ್ಟವಾಗಿತ್ತು. ತುಟಿಗಳು ಸೀಸದ ಬಣ್ಣಕ್ಕೆ ತಿರುಗಿದ್ದವು, ಕಾಲುಗಳು ಊದಿದ್ದವು, ನಾಡಿ ಸಣ್ಣದಾಗಿ, ದುರ್ಬಲವಾಗಿ, ತಾಳವಿಲ್ಲದೆ ಮಿಡಿಯುತ್ತಿತ್ತು. ಅವನು ತೀರಿಕೊಂಡ ಮೇಲೆ ವ್ಯೂಸಾನ್ಸ್ ಎದೆಯನ್ನು ತೆರೆದು ನೋಡಿದನು. ಎಡ ಹೃತ್ಕರ್ಣ ಮತ್ತು ಎಡ ಹೃತ್ಕುಕ್ಷಿಯ ನಡುವಿನ ದ್ವಿದಳ ಕವಾಟ ಮೂಳೆಯಂತೆ ಗಟ್ಟಿಯಾಗಿ, ಅದರ ಬಾಯಿ ಬಹಳ ಕಿರಿದಾಗಿತ್ತು. ಬಲ ಹೃತ್ಕುಕ್ಷಿ ಹಿಗ್ಗಿ ದೊಡ್ಡದಾಗಿತ್ತು. ಎದೆಯಲ್ಲಿ ನೀರು ತುಂಬಿತ್ತು.

ವ್ಯೂಸಾನ್ಸ್ ಇವನ್ನು ಪಟ್ಟಿ ಮಾಡಿ ಸುಮ್ಮನಾಗಲಿಲ್ಲ, ಒಂದರಿಂದ ಒಂದಕ್ಕೆ ಸರಪಳಿ ಹೆಣೆದನು. ಬಾಗಿಲು ಕಿರಿದಾದ್ದರಿಂದ ರಕ್ತ ಎಡ ಹೃತ್ಕುಕ್ಷಿಗೆ ಸಲೀಸಾಗಿ ಇಳಿಯಲಿಲ್ಲ. ಇಳಿಯದ ರಕ್ತ ಹಿಂದಕ್ಕೆ, ಶ್ವಾಸಕೋಶದಿಂದ ಬರುವ ಅಭಿಧಮನಿಗಳಲ್ಲಿ ನಿಂತಿತು. ಶ್ವಾಸಕೋಶ ರಕ್ತದಿಂದ ಬಿಗಿದುಕೊಂಡಿತು, ಅದಕ್ಕೇ ಉಸಿರಾಟ ಕಷ್ಟವಾಯಿತು. ಬಿಗಿದ ಶ್ವಾಸಕೋಶದೊಳಕ್ಕೆ ರಕ್ತ ನೂಕಲು ಬಲ ಹೃತ್ಕುಕ್ಷಿ ಹೆಣಗಿತು, ಅದಕ್ಕೇ ಅದು ಹಿಗ್ಗಿತು. ಎಡ ಹೃತ್ಕುಕ್ಷಿಗೆ ಬಂದ ರಕ್ತವೇ ಕಡಿಮೆ, ಅದಕ್ಕೇ ಕೈಯ ನಾಡಿ ದುರ್ಬಲವಾಯಿತು. ದ್ವಿದಳ ಕವಾಟದ ಕಿರಿದಾಗುವಿಕೆಗೆ ಇಂದಿನ ವೈದ್ಯವಿದ್ಯಾರ್ಥಿ ಕೊಡುವ ವಿವರಣೆಯೂ ಹೆಚ್ಚುಕಡಿಮೆ ಇದೇ. ನಮ್ಮ ದೇಶದಲ್ಲಿ ಇಂದಿಗೂ ಸಂಧಿವಾತ ಜ್ವರದಿಂದ ಶಾಲಾ ವಯಸ್ಸಿನ ಮಕ್ಕಳ ಈ ಕವಾಟ ಕೆಡುವುದುಂಟು. ಮೆಟ್ಟಿಲು ಹತ್ತುವಾಗ ಏದುಸಿರು ಬಿಡುವ ಮಗುವನ್ನು ಸೋಮಾರಿ ಎನ್ನುವ ಮೊದಲು ಶಿಕ್ಷಕರು ಈ ಸರಪಳಿಯನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಎರಡನೆಯ ರೋಗಿಯ ನಾಡಿ ಇದಕ್ಕೆ ತದ್ವಿರುದ್ಧ. ಬಿಗಿಯಾಗಿ ಎಳೆದು ಕಟ್ಟಿದ ತಂತಿಯನ್ನು ಜೋರಾಗಿ ಮೀಟಿದಂತೆ ಅದು ಬೆರಳಿಗೆ ಹೊಡೆಯುತ್ತಿತ್ತು. ಅಂಥ ನಾಡಿಯನ್ನು ವ್ಯೂಸಾನ್ಸ್ ಅದುವರೆಗೆ ಕಂಡಿರಲಿಲ್ಲ. ಆ ರೋಗಿ ತೀರಿಕೊಂಡ ಮೇಲೆ ನೋಡಿದರೆ, ಮಹಾಪಧಮನಿಯ ಬಾಯಲ್ಲಿರುವ ಅರ್ಧಚಂದ್ರಾಕಾರದ ಕವಾಟಗಳು ಗಡಸಾಗಿ ಅಂಚು ಹರಿದಿದ್ದವು, ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ. ಹೃದಯ ಹೊರಕ್ಕೆ ನೂಕಿದ ರಕ್ತದಲ್ಲಿ ಒಂದು ಪಾಲು ಪ್ರತಿ ಸಲವೂ ಹಿಂದಕ್ಕೆ ಬೀಳುತ್ತಿತ್ತು. ಹಾಗೆ ಹೆಚ್ಚಾಗಿ ತುಂಬಿಕೊಂಡ ಹೃತ್ಕುಕ್ಷಿ ಮುಂದಿನ ಸಲ ಇನ್ನೂ ಜೋರಾಗಿ ನೂಕುತ್ತಿತ್ತು. ಈ ನಾಡಿಗೆ ಇಂದು ಕಾರಿಗನ್ ಎಂಬ ಐರ್ಲೆಂಡಿನ ವೈದ್ಯನ ಹೆಸರಿದೆ. ಅವನು ಅದನ್ನು ವಿವರಿಸಿದ್ದು 1832ರಲ್ಲಿ, ಅಂದರೆ 117 ವರ್ಷಗಳ ನಂತರ.

ಲೆನೆಕ್ ಸ್ಟೆತೊಸ್ಕೋಪ್ ಕಂಡುಹಿಡಿದದ್ದು 1816ರಲ್ಲಿ. ವ್ಯೂಸಾನ್ಸ್‌ನ ಬಳಿ ಅದೂ ಇರಲಿಲ್ಲ. ಇದ್ದದ್ದು ಬೆರಳ ತುದಿ, ಕಣ್ಣು, ಕತ್ತಿ, ಮತ್ತು ರೋಗಿಯ ಬಗ್ಗೆ ಹಿಂದೆ ಬರೆದಿಟ್ಟುಕೊಂಡದ್ದನ್ನು ಮರೆಯದ ಅಭ್ಯಾಸ.

ಹೀಗೆ ಕವಾಟಗಳ ವಿಷಯದಲ್ಲಿ ನೂರು ವರ್ಷ ಮುಂದಿದ್ದ ಮನುಷ್ಯ, ಹೃದಯ ಏಕೆ ಮಿಡಿಯುತ್ತದೆ ಎಂದು ವಿವರಿಸುವಾಗ ಮಾತ್ರ ಮತ್ತೆ ಹುದುಗು ಮತ್ತು ನರಗಳೊಳಗಿನ ಸೂಕ್ಷ್ಮ ಚೈತನ್ಯದ ಊಹೆಗೇ ಮರಳಿದನು. ಮಿಡಿತದ ಮೂಲವನ್ನು ನೋಡುವ ಯಾವ ದಾರಿಯೂ ಅಂದು ಇರಲಿಲ್ಲ. ಅವನ ಪುಸ್ತಕದಲ್ಲಿ ಕಂಡದ್ದೂ ಊಹಿಸಿದ್ದೂ ಒಂದೇ ನಂಬಿಕೆಯ ದನಿಯಲ್ಲಿ ಅಕ್ಕಪಕ್ಕ ನಿಂತಿವೆ. ಓದುವವರೇ ಅವನ್ನು ಬೇರ್ಪಡಿಸಿಕೊಳ್ಳಬೇಕು.

ಆ ಗ್ರಂಥ ಹೊರಬಂದ ವರ್ಷವೇ, 1715ರ ಆಗಸ್ಟ್ 16ರಂದು ವ್ಯೂಸಾನ್ಸ್ ಮೊಂಪೆಲಿಯೆಯಲ್ಲಿ ತೀರಿಕೊಂಡನು. ಎರಡು ವಾರ ಕಳೆದು ಸೆಪ್ಟೆಂಬರ್ 1ರಂದು ದೊರೆ ಹದಿನಾಲ್ಕನೆಯ ಲೂಯಿಯೂ ಸತ್ತನು. ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿ, ಲಂಡನ್‌ನ ರಾಯಲ್ ಸೊಸೈಟಿ ಎರಡರ ಗೌರವವೂ ವ್ಯೂಸಾನ್ಸ್‌ಗೆ ದೊರೆತಿತ್ತು. ಅವನ ಊರಿನ ವಿಶ್ವವಿದ್ಯಾಲಯದ ಪೀಠ ಮಾತ್ರ ಕೊನೆಯವರೆಗೂ ದೊರೆಯಲಿಲ್ಲ.

ಮತ್ತೆ ಅದೇ ತರಗತಿಗೆ

ಇಷ್ಟನ್ನು ಓದಿದ ಭಾನುವಾರ ನಾನು ಮಟನ್ ಅಂಗಡಿಗೆ ಹೋಗಿ, ಮೇಲಿನ ಕೊಳವೆಗಳನ್ನು ಕತ್ತರಿಸದೆ ಉಳಿಸಿದ ಕುರಿಯ ಹೃದಯವೊಂದನ್ನು ತಂದೆ. ಮನೆಯ ಹಿತ್ತಿಲಿನಲ್ಲಿ ಕುಳಿತು ಮಹಾಪಧಮನಿಯ ಬಾಯೊಳಗೆ ಸೂಜಿ ತೆಗೆದ ಸಿರಿಂಜಿನಿಂದ ಕೆಂಪು ಶಾಯಿ ಕಲಸಿದ ನೀರು ಬಿಟ್ಟೆ. ನೀರಿನ ಭಾರಕ್ಕೆ ಮೂರು ಅರ್ಧಚಂದ್ರಗಳು ಒಂದಕ್ಕೊಂದು ಕೂಡಿ ಮುಚ್ಚಿಕೊಂಡವು. ಕವಾಟದ ಸ್ವಲ್ಪ ಮೇಲೆ ಎರಡು ಪುಟ್ಟ ತೂತುಗಳು ಕಂಡವು. ಇನ್ನಷ್ಟು ಒತ್ತಿದಾಗ ಹೃದಯದ ಹೊರಮೈಯ ಕೊಬ್ಬಿನ ನಡುವಿನಿಂದ ಒಂದು ಕೆಂಪು ಗೆರೆ ನಿಧಾನವಾಗಿ ಕೆಳಗಿಳಿಯಿತು. ಮಹಾಪಧಮನಿಯ ಮೊಟ್ಟಮೊದಲ ಕವಲುಗಳು ಹೋಗುವುದು ಹೃದಯಕ್ಕೇ ಎಂಬ ವಾಕ್ಯವನ್ನು ನಾನು ಎಷ್ಟೋ ಸಲ ಓದಿದ್ದೆ, ಅಂದು ಮೊದಲ ಸಲ ನೋಡಿದೆ.

ಹೃದಯವನ್ನು ತರಗತಿಗೆ ಒಯ್ಯುವುದು ಬೇಡ, ಎಲ್ಲ ಮಕ್ಕಳಿಗೂ ಅದು ಹಿಡಿಸಲಾರದು ಎಂದು ಮೇಡಂ ಸಲಹೆ ಕೊಟ್ಟರು. ಹಾಗಾಗಿ ನಾನು ಕಂಡದ್ದನ್ನು ಮೂರು ಹಂತಗಳ ಚಿತ್ರವಾಗಿ ಬರೆದುಕೊಂಡು ಹೋದೆ. ಮೊದಲಿಗೆ, ಹಿಂದಿನ ಪಾಠದಲ್ಲಿ ನಾನು ಕೊಟ್ಟ ಉತ್ತರ ತಪ್ಪು, ಅದು ನನ್ನ ಊಹೆಯಾಗಿತ್ತು ಎಂದು ಹೇಳಿದೆ. ಇದನ್ನು ಹೇಳುವುದಕ್ಕೆ ಪಾಠಯೋಜನೆಯ ಯಾವ ಕಲಮಿನಲ್ಲೂ ಜಾಗವಿರಲಿಲ್ಲ, ಪೀಠಿಕೆಯಲ್ಲೇ ಸೇರಿಸಿದೆ. ತರಗತಿ ಒಂದು ಕ್ಷಣ ಸದ್ದಿಲ್ಲದೆ ಕುಳಿತಿತು. ನಂತರ ವ್ಯೂಸಾನ್ಸ್‌ನ ಕಥೆ ಹೇಳಿದೆ. ವಿಶ್ರಾಂತಿಯಲ್ಲಿರುವಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹೊರಡಿಸುತ್ತದೆ, ಅದರಲ್ಲಿ ಸುಮಾರು ಕಾಲು ಲೀಟರನ್ನು ಕರೊನರಿಗಳ ಮೂಲಕ ತಾನೇ ಬಳಸಿಕೊಳ್ಳುತ್ತದೆ ಎಂದು ಲೆಕ್ಕ ಹಾಕಿಸಿದೆ. ದಪ್ಪ ಗೋಡೆಯ ಆಳಕ್ಕೆ ಒಳಗಿನ ರಕ್ತದ ಆಕ್ಸಿಜನ್ ಇಳಿಯಲಾರದು, ಅದಕ್ಕೇ ನಾಳಗಳು ಬೇಕು ಎಂಬುದನ್ನು ಮಕ್ಕಳೇ ಹೇಳಿದರು.

ಅದೇ ಹುಡುಗಿ ಮತ್ತೆ ಎದ್ದಳು. ವ್ಯೂಸಾನ್ಸ್ ಬಿಟ್ಟ ಬಣ್ಣ ಕೋಣೆಯೊಳಗೂ ಜಿನುಗಿತ್ತಲ್ಲ, ಹಾಗಾದರೆ ಗೋಡೆಯ ಒಳಪದರಕ್ಕಾದರೂ ಕೋಣೆಯ ರಕ್ತವೇ ಸಿಗುವುದಿಲ್ಲವೇ, ನೀವು ಮೊದಲು ಹೇಳಿದ್ದು ಪೂರ್ತಿ ತಪ್ಪೇ ಎಂದು ಕೇಳಿದಳು. ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೂ ತಡೆದುಕೊಂಡು, ನೋಡಿ ಬಂದು ನಾಳೆ ಹೇಳುತ್ತೇನೆ ಎಂದೆ.

ಸಂಜೆ ನೋಡಿದೆ. ಒಳಗೋಡೆಯ ಬಹಳ ತೆಳುವಾದ ಒಂದು ಪದರ ಮಾತ್ರ ಕೋಣೆಯ ರಕ್ತದಿಂದ ನೇರವಾಗಿ ಆಕ್ಸಿಜನ್ ಪಡೆಯುತ್ತದೆ, ಉಳಿದ ಮಾಂಸವೆಲ್ಲ ಕರೊನರಿಗಳನ್ನೇ ನೆಚ್ಚಿಕೊಂಡಿದೆ. ಮರುದಿನ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಅವಳನ್ನು ಕರೆದು ಹೇಳಿದೆ. ಅವಳು ತನ್ನ ನೋಟುಪುಸ್ತಕ ತೆಗೆದು, ನನ್ನ ಮೊದಲನೆಯ ಉತ್ತರವನ್ನು ಅಡ್ಡಗೆರೆ ಎಳೆದು ಹೊಡೆದುಹಾಕದೆ, ಅದರ ಪಕ್ಕದಲ್ಲೇ ಇದನ್ನು ಬರೆದುಕೊಂಡಳು.